ಸೈರನ್ನಿಗೆ ಮುಂಚೆ ಬರುತ್ತಿದ್ದವರು

ಹೋದ ತಿಂಗಳು ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ, ನನಗೆ ಕೆಲಸ ಕಲಿಸಿದ ಹಿರಿಯರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಫೋಟೋಕ್ಕೆ ಹಾರ ಹಾಕಿ, ಒಂದು ನಿಮಿಷ ಮೌನ ಆಚರಿಸಿ, ಒಬ್ಬೊಬ್ಬರೇ ಎದ್ದು ಮಾತಾಡಿದರು. ಎಲ್ಲರೂ ಹೇಳಿದ್ದು ಒಂದೇ: ಶಿಸ್ತಿನ ಮನುಷ್ಯ, ಗಡಿಯಾರದಂಥ ಮನುಷ್ಯ. ನನಗೆ ಕೂತಲ್ಲೇ ಸಿಟ್ಟು ಬರತೊಡಗಿತು. ಮಾತಾಡಿದವರು ಸುಳ್ಳೇನೂ ಹೇಳಲಿಲ್ಲ, ಆದರೆ ಅರ್ಧ ಹೇಳಿ ಕೂತುಬಿಟ್ಟರು. ಉಳಿದರ್ಧ ನಾನು ಹೇಳೋಣವೆಂದು ಎದ್ದೆ, ಆದರೆ ಬಾಯಿಗೆ ಬಂದದ್ದು ಅದೇ ಮಾತು. ನಾನೂ ‘ಶಿಸ್ತಿನ ಮನುಷ್ಯ’ ಎಂದಷ್ಟೇ ಹೇಳಿ ಕೂತೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಮೋಟಾರುಗಳಿಗೆ ಶಾಫ್ಟ್ ಮಾಡಿಕೊಡುವ ಕಾರ್ಖಾನೆ. ಶಾಫ್ಟ್ ಅಂದರೆ ಮೋಟಾರಿನ ಒಳಗೆ ತಿರುಗುವ ಉಕ್ಕಿನ ದಂಡ. ಅದರ ದಪ್ಪ ಕೂದಲೆಳೆಯಷ್ಟು ಹೆಚ್ಚಾದರೂ ಕಮ್ಮಿಯಾದರೂ ಗುಜರಿಗೆ ಹೋಗಬೇಕು. ಅಂಥದ್ದನ್ನು ಹಿಡಿದು ನಿಲ್ಲಿಸುವ ಕ್ವಾಲಿಟಿ ವಿಭಾಗಕ್ಕೆ ಅವರು ಮುಖ್ಯಸ್ಥರು. ನಾನು ಡಿಪ್ಲೊಮಾ ಮುಗಿಸಿ ಬಾಗಲಗುಂಟೆಯಿಂದ ಮೊದಲ ದಿನ ಕೆಲಸಕ್ಕೆ ಹೋದಾಗ ಅವರು ನನ್ನ ಮಾರ್ಕ್ಸ್ ಕೇಳಲಿಲ್ಲ. ಕೈಗೊಂದು ಮೈಕ್ರೋಮೀಟರ್ ಕೊಟ್ಟು ಒಂದೇ ಶಾಫ್ಟನ್ನು ಮತ್ತೆ ಮತ್ತೆ ಅಳೆಸಿದರು. ಪ್ರತಿ ಸಲವೂ ಬೇರೆ ಬೇರೆ ಅಳತೆ ಬಂತು. “ಶಾಫ್ಟ್ ಬದಲಾಗ್ತಿಲ್ಲ ಕಣಮ್ಮ, ನಿನ್ನ ಕೈ ಬದಲಾಗ್ತಿದೆ” ಅಂದರು. ಬೈಗುಳ ಅನ್ನಿಸದ ಹಾಗೆ ಬೈಯುವ ಕಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಬೆಳಗಿನ ಸೈರನ್ ಕೂಗುವಷ್ಟರಲ್ಲಿ ಅವರು ಚಿಕ್ಕಬಾಣಾವರದಿಂದ ಬೈಕಿನಲ್ಲಿ ಬಂದು, ಕೈ ತೊಳೆದು, ತಾವೇ ಮನೆಯಲ್ಲಿ ಒಗೆದು ತಂದ ಬಿಳಿ ಬಟ್ಟೆಯಲ್ಲಿ ಬೆರಳು ಒರೆಸಿಕೊಂಡು ಮೇಜಿನ ಮುಂದೆ ನಿಂತಿರುತ್ತಿದ್ದರು. ಆ ಬೈಕಿನ ಸದ್ದು ಕೇಳಿದ ಮೇಲೆಯೇ ವಾಚ್‌ಮನ್ ಟೀಗೆ ಹೋಗುತ್ತಿದ್ದ. ಊಟಕ್ಕೆ ಅದೇ ಚಪಾತಿ, ಅದೇ ಡಬ್ಬಿ, ಅದೇ ಕುರ್ಚಿ. ಸಕ್ಕರೆ ಕಾಯಿಲೆ ಬಂದು ಬಹಳ ವರ್ಷಗಳಾಗಿದ್ದವು. ಟೀಗೆ ಸಕ್ಕರೆ ಬಿಟ್ಟಿದ್ದರು, ಆದರೆ ಡಾಕ್ಟರ ಹತ್ತಿರ ಹೋಗುವುದನ್ನು ಮಾತ್ರ ಸಂಕ್ರಾಂತಿ ಆಗಲಿ, ಯುಗಾದಿ ಆಗಲಿ ಎಂದು ಮುಂದೆ ತಳ್ಳುತ್ತಿದ್ದರು. ದಿನಕ್ಕೊಮ್ಮೆ ಪ್ರತಿ ಯಂತ್ರದ ಹತ್ತಿರ ಹೋಗಿ, ಓಡುತ್ತಿರುವ ಯಂತ್ರದ ಮೈಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಎಲ್ಲ ಸರಿಯಿದ್ದರೆ ಏನೂ ಹೇಳದೆ ಮುಂದೆ ಹೋಗುತ್ತಿದ್ದರು. ಒಳ್ಳೆ ಮೆಷಿನ್ನು ಸುದ್ದಿ ಮಾಡಲ್ಲ ಅನ್ನುವುದು ಅವರು ದಿನಾ ಹೇಳುವ ಮಾತಾಗಿತ್ತು.

ನಮ್ಮ ವಿಭಾಗದ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಗೋಡೆಯ ಬೋರ್ಡಿನ ಮೇಲೆ ಪ್ರತಿ ಯಂತ್ರಕ್ಕೂ ಒಂದು ಗೆರೆ. ಯಂತ್ರದಿಂದ ಬಂದ ಶಾಫ್ಟುಗಳನ್ನು ಅಳೆದು, ಅಳತೆ ಎಷ್ಟು ಏರುಪೇರಾಗಿದೆ ಅನ್ನುವುದನ್ನು ದಿನಾ ಚುಕ್ಕೆ ಹಾಕಿ ಗುರುತಿಸುತ್ತೇವೆ. ಚುಕ್ಕೆ ಕೆಳಗಿಳಿದಷ್ಟೂ ಯಂತ್ರ ಚೆನ್ನಾಗಿದೆ ಎಂದು ಅರ್ಥ. ಮೇಲೆ ಹಾರಿದರೆ ಯಂತ್ರ ನಿಲ್ಲಿಸಬೇಕು. ವೇರಿಯೇಷನ್, ಅಂದರೆ ಈ ಏರುಪೇರು, ನಮಗೆ ರೋಗ. ಅದನ್ನು ಇಳಿಸುವುದೇ ಅವರ ಜೀವಮಾನದ ಕೆಲಸವಾಗಿತ್ತು. ಅವರ ಕೈಕೆಳಗೆ ಬೆಳೆದ ನನ್ನ ರಕ್ತದಲ್ಲೂ ಅದು ಸೇರಿಹೋಗಿದೆ. ಮನೆಯಲ್ಲಿ ಅಮ್ಮ ಒಂದು ದಿನ ತೆಳ್ಳಗೆ ಒಂದು ದಿನ ದಪ್ಪಗೆ ದೋಸೆ ಹುಯ್ದರೆ ನನಗೆ ಕಿರಿಕಿರಿಯಾಗುತ್ತದೆ.

ಹೀಗಿರುವಾಗ ಕಂಪನಿಯವರು ಆರೋಗ್ಯದ ಹೆಸರಿನಲ್ಲಿ ಹಿರಿಯ ಸಿಬ್ಬಂದಿಗೆಲ್ಲ ಒಂದೊಂದು ಸ್ಮಾರ್ಟ್ ವಾಚ್ ಹಂಚಿದರು. ನಡೆದದ್ದು, ಮಲಗಿದ್ದು, ನಾಡಿ, ಎಲ್ಲ ಅದರಲ್ಲಿ ಬರುತ್ತಿತ್ತು. ಜೊತೆಗೆ ಇನ್ನೊಂದು ಅಂಕಿಯೂ ಇತ್ತು: ಹಾರ್ಟ್ ರೇಟ್ ವೇರಿಯಬಿಲಿಟಿ, ಅಂದರೆ ಎದೆಯ ಬಡಿತ ಬಡಿತದ ನಡುವಿನ ಅಂತರದ ಏರುಪೇರು. ಬೇರೆಯವರು ಆ ಅಂಕಿಯ ಕಡೆ ತಿರುಗಿಯೂ ನೋಡಲಿಲ್ಲ. ಇವರು ಅದೊಂದನ್ನೇ ಹಿಡಿದುಕೊಂಡರು. ವಾಚ್ ಕಟ್ಟಿದವರಲ್ಲೆಲ್ಲ ತಮ್ಮದೇ ಕಮ್ಮಿ ಎಂದು ತಿಳಿದಾಗ ಅವರ ಮುಖ ಅರಳಿದ್ದನ್ನು ನಾನು ನೋಡಿದ್ದೇನೆ. ಮಾರನೆಯ ದಿನ ಬೋರ್ಡಿನಲ್ಲಿ, ಕೊನೆಯ ಯಂತ್ರದ ಗೆರೆಯ ಕೆಳಗೆ, ಇನ್ನೊಂದು ಗೆರೆ ಹುಟ್ಟಿತು. ಅದು ಅವರ ಎದೆಬಡಿತದ್ದು. ಚುಕ್ಕೆಗಳು ವಾರದಿಂದ ವಾರಕ್ಕೆ ಇಳಿಯುತ್ತಿದ್ದವು. ಇಳಿದಷ್ಟೂ ಅವರು ಬೀಗುತ್ತಿದ್ದರು. ನಾವೂ ಚಪ್ಪಾಳೆ ತಟ್ಟಿದೆವು. ಪೀಣ್ಯದಲ್ಲಿ ಯಾರೇ ಆಗಿದ್ದರೂ ತಟ್ಟುತ್ತಿದ್ದರು.

ಆ ಚಪ್ಪಾಳೆ ನಿಂತದ್ದು ವರ್ಷಕ್ಕೊಮ್ಮೆ ನಡೆಯುವ ಆರೋಗ್ಯ ತಪಾಸಣೆಯ ದಿನ. ಕ್ಯಾಂಟೀನಿನ ಒಂದು ಮೂಲೆಗೆ ಹಸಿರು ಪರದೆ ಕಟ್ಟಿ, ಒಬ್ಬ ಮಹಿಳಾ ಡಾಕ್ಟರು ಇಸಿಜಿ ಯಂತ್ರ ಇಟ್ಟುಕೊಂಡು ಕೂತಿದ್ದರು. ನಮ್ಮ ಶೆಡ್ಡಿನವರನ್ನು ಸಾಲಾಗಿ ಕಳಿಸುವ ಕೆಲಸ ನನ್ನದು. ಶಾಫ್ಟ್ ಕಡೆಯುವ ಲೇಥ್ ಯಂತ್ರ ನಡೆಸುವ ಈರಣ್ಣ ಒಳಗೆ ಹೋಗಿ ಬಂದ. ಅವನು ಹಾವೇರಿ ಕಡೆಯವನು, ನಮ್ಮ ಮನೆಯ ಹಿಂದಿನ ಬಾಡಿಗೆ ರೂಮಿನಲ್ಲೇ ಇರುವವನು. ಅವನ ನಂತರ ಇವರ ಸರದಿ. ಸ್ವಲ್ಪ ಹೊತ್ತಿಗೆ ಪರದೆಯ ಒಳಗಿಂದಲೇ ನನ್ನನ್ನು ಕೂಗಿದರು. ಒಬ್ಬ ಸಾಕ್ಷಿ ಬೇಕಾಗಿತ್ತೆಂದು ಕಾಣುತ್ತದೆ.

ಡಾಕ್ಟರು ಅವರ ಎದೆಗೆ ವೈರ್ ಅಂಟಿಸಿ, ನಿಧಾನವಾಗಿ ಉಸಿರು ಎಳೆದುಕೊಂಡು ನಿಧಾನವಾಗಿ ಬಿಡಲು ಹೇಳಿದ್ದರು. ಸಕ್ಕರೆ ಕಾಯಿಲೆ ಬಹಳ ವರ್ಷದ್ದು ಎಂದು ಕೇಳಿ, ಎದ್ದು ನಿಂತರೆ ತಲೆ ಸುತ್ತುತ್ತದೆ, ಪಾದ ಉರಿಯುತ್ತದೆ ಎಂದು ಬಾಯಿ ಬಿಡಿಸಿದ ಮೇಲೆ ಮಾಡಿದ ಪರೀಕ್ಷೆ ಅದು. ಯಂತ್ರದಿಂದ ಉದ್ದನೆಯ ಕಾಗದ ಬರುತ್ತಿತ್ತು. ಡಾಕ್ಟರು ಬಡಿತ ಬಡಿತದ ನಡುವಿನ ಅಂತರ ನೋಡಲು ಬಗ್ಗಿದರೆ, ಇವರು ಜೇಬಿನಿಂದ ತಮ್ಮ ಸ್ಟೀಲ್ ಸ್ಕೇಲ್ ತೆಗೆದುಕೊಟ್ಟರು. ಅಂತರಗಳೆಲ್ಲ ಹೆಚ್ಚುಕಮ್ಮಿ ಒಂದೇ. ಪಕ್ಕದಲ್ಲಿ ಈರಣ್ಣನ ಕಾಗದವೂ ಬಿದ್ದಿತ್ತು. ಅದರಲ್ಲಿ ಅಂತರಗಳು ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಅಗಲವಾಗಿ ಇದ್ದವು. ಇವರು ಅದನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿ, “ರಿಜೆಕ್ಟ್” ಅಂದರು. ನನಗೆ ನಗು ಬಂತು.

ಡಾಕ್ಟರು ನಗಲಿಲ್ಲ. “ಅವರದು ಚೆನ್ನಾಗಿದೆ. ನಿಮ್ಮದೇ ನನಗೆ ಇಷ್ಟ ಆಗ್ತಿಲ್ಲ” ಅಂದರು.

ಆಮೇಲೆ ಅವರು ಹೇಳಿದ್ದು ನನಗೆ ಈಗಲೂ ನೆನಪಿದೆ. ಆರೋಗ್ಯವಾಗಿರುವ ಹೃದಯ ಒಂದೇ ಸಮ ಬಡಿಯುವುದಿಲ್ಲವಂತೆ. ಉಸಿರು ಎಳೆದಾಗ ಸ್ವಲ್ಪ ಚುರುಕಾಗಿ, ಬಿಟ್ಟಾಗ ಸ್ವಲ್ಪ ನಿಧಾನವಾಗಿ, ಮೈಯ ಒಳಗಿನ ಪ್ರತಿ ಮಾತಿಗೂ ಓಗೊಡುತ್ತಾ ನಡೆಯುತ್ತದಂತೆ. ಮಕ್ಕಳಲ್ಲಿ ಈ ಏರಿಳಿತ ಜೋರು. ವಯಸ್ಸಾದಂತೆ ಎಲ್ಲರಲ್ಲೂ ಕಮ್ಮಿಯಾಗುತ್ತದೆ, ಅದಕ್ಕೆ ಗಾಬರಿ ಬೇಕಿಲ್ಲ. ವಾಚಿನ ಅಂಕಿಯೊಂದನ್ನೇ ನೋಡಿ ಏನೂ ಹೇಳಲಾಗದು, ಒಬ್ಬರದನ್ನು ಇನ್ನೊಬ್ಬರ ಜೊತೆ ಹೋಲಿಸಲೂ ಬಾರದು. ಆದರೆ ಇವರದು ವಯಸ್ಸಿಗೂ ಮೀರಿ ಇಳಿದಿತ್ತು. ಬಹಳ ಕಾಲದ ಸಕ್ಕರೆ ಕಾಯಿಲೆ ಹೃದಯಕ್ಕೆ ಲಗಾಮು ಹಾಕುವ ನರಗಳನ್ನು ಕೆಡಿಸುತ್ತದೆ. ಆಗ ಹೃದಯ ಯಾರ ಮಾತೂ ಕೇಳದೆ ತನ್ನಷ್ಟಕ್ಕೆ ಬಡಿಯುತ್ತದೆ. ನೋವು ತಿಳಿಸುವ ನರಗಳೂ ಹಾಗೆಯೇ ಮಂಕಾಗುತ್ತವೆ. ನಾಳೆ ಹೃದಯದ ರಕ್ತನಾಳ ಕಟ್ಟಿಕೊಂಡರೂ ಎದೆನೋವೇ ಬರದೆ ಹೋಗಬಹುದು.

“ನೋವು ಬರಲಿ, ಆಮೇಲೆ ನೋಡೋಣ ಅಂತ ಕಾಯಬೇಡಿ. ಈ ವಾರವೇ ಹಾರ್ಟ್ ಡಾಕ್ಟರ್ ಹತ್ರ ಹೋಗಿ” ಎಂದು ಚೀಟಿ ಬರೆದುಕೊಟ್ಟರು.

ಇವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ವಾದಕ್ಕೆ ನಿಂತರು. ಸಿಟ್ಟು ಬಂದಾಗ ಅವರ ಬಾಯಲ್ಲಿ ಚಿಕ್ಕಬಾಣಾವರದ ಹಳೇ ಹಳ್ಳಿ ಎದ್ದು ಬರುತ್ತಿತ್ತು. “ಅಂಗಲ್ಲ ಡಾಕ್ಟ್ರೇ. ಇಷ್ಟು ವರ್ಸ ನಾನು ಒಂದೇ ಸಮ ಇರೋದನ್ನ ಪಾಸ್ ಮಾಡಿದೀನಿ. ಈಗ ಇಂಗೆ ಏಕಾಏಕಿ ಅದೇ ಕಾಯಿಲೆ ಅಂದ್ರೆ?” ಡಾಕ್ಟರು, ನೀವು ಪಾಸ್ ಮಾಡಿದ್ದು ಕಬ್ಬಿಣ, ಇದು ಮಾಂಸ ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು.

ಚೀಟಿ ಅವರ ಜೇಬಿನಲ್ಲೇ ಉಳಿಯಿತು. ಹೊರದೇಶದ ಗಿರಾಕಿಯ ಕಡೆಯವರು ಆಡಿಟ್‌ಗೆ ಬರುವವರಿದ್ದರು. ಅವರು ಒಪ್ಪಿದರೆ ಮಾತ್ರ ನಮ್ಮ ಆರ್ಡರ್ ಮುಂದುವರಿಯುವುದು. ಇವರು ಆಡಿಟ್ ಮುಗೀಲಿ ಎಂದರು. ನಾನು ದಿನಾ ಕೇಳಿದೆ, ದಿನಾ ಅದೇ ಉತ್ತರ. ಒಂದು ಬೆಳಿಗ್ಗೆ ರೇಗಿ, ಬೋರ್ಡಿನ ಮೇಲಿನ ಅವರ ಗೆರೆಯನ್ನು ಅಂಗೈಯಿಂದಲೇ ಒರೆಸಿಹಾಕಿದೆ. ಅವರು ಮಧ್ಯಾಹ್ನ ಮತ್ತೆ ಬರೆದರು. ಮಾರನೆಯ ದಿನ ಮತ್ತೆ ಒರೆಸಿದೆ. ಮತ್ತೆ ಬರೆದರು. ನೋಡುವವರಿಗೆ ತಮಾಷೆ. ನನಗೆ ಮಾತ್ರ ಅಲ್ಲ, ಏಕೆಂದರೆ ಪ್ರತಿ ಸಲದ ಹೊಸ ಚುಕ್ಕೆ ಇನ್ನೂ ಇಳಿಯುತ್ತಲೇ ಇತ್ತು.

ಆಡಿಟ್ ದಿನ ಸೈರನ್ ಕೂಗಿತು. ಅವರು ಬಂದಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಟ್ರಾಫಿಕ್ ಎಂದು ಸುಮ್ಮನಾಗುತ್ತಿದ್ದೆವು. ಈರಣ್ಣ ಲೇಥ್ ಚಾಲೂ ಮಾಡದೆ ಗೇಟಿನ ಕಡೆ ನೋಡುತ್ತಾ ನಿಂತಿದ್ದ. “ಮೇಡಂ, ಸರ್ ಇನ್ನೂ ಬಂದಿಲ್ಲಲ್ರೀ” ಅಂದ. ಸ್ವಲ್ಪ ಹೊತ್ತಿಗೆ ಬೈಕಿನ ಸದ್ದು ಕೇಳಿತು. ಅವರು ಒಳಗೆ ಬಂದು, ಕೈ ತೊಳೆಯದೆ, ಸಿದ್ಧವಾದ ಶಾಫ್ಟುಗಳ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಕೆಲಸದ ಹೊತ್ತಿನಲ್ಲಿ ಅವರು ಹಾಗೆ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಫ್ಯಾನಿನ ಕೆಳಗಿದ್ದರೂ ಕಾಲರ್ ಬೆವರಿನಿಂದ ಒದ್ದೆ. ಕೇಳಿದರೆ ಗ್ಯಾಸ್ ಅಂದರು, ಸೋಡಾ ತರಿಸು ಅಂದರು.

ಮೇಲಿನ ಕೋಣೆಯಲ್ಲಿ ಆಡಿಟ್‌ನವರು ಆಗಲೇ ಕಾಫಿ ಕುಡಿಯುತ್ತಿದ್ದರು. ಅವರಿಗೆ ತೋರಿಸಬೇಕಾದ ಮೊದಲ ಶಾಫ್ಟನ್ನು ಇವರು ಕೈಗೆ ತೆಗೆದುಕೊಂಡು ಅಳೆದರು, ಅಳತೆ ಹೇಳಿದರು, ನಾನು ಬರೆದುಕೊಂಡೆ. ಏನೋ ಅನುಮಾನವಾಗಿ ಮತ್ತೆ ಅಳೆದರು. ಬೇರೆ ಬಂತು. ಮೂರನೇ ಸಲ ಮತ್ತೂ ಬೇರೆ. ಮೈಕ್ರೋಮೀಟರ್ ಕೆಳಗಿಟ್ಟು ತಮ್ಮ ಕೈಯನ್ನೇ ನೋಡುತ್ತಾ ಕೂತರು. ನಾನೂ ಆ ಕೈಯನ್ನೇ ನೋಡಿದೆ. ಮೊದಲ ದಿನ ನನಗೆ ಅವರು ಹೇಳಿದ ಮಾತು ಇಬ್ಬರಿಗೂ ನೆನಪಾಗಿರಬೇಕು.

“ಏಳಿ ಸಾರ್, ಆಸ್ಪತ್ರೆಗೆ ಹೋಗೋಣ” ಅಂದೆ.

“ನೋವಿಲ್ಲ ಕಣಮ್ಮ. ಎದೆ ಮುಟ್ಕೊಂಡು ಹೇಳ್ತೀನಿ, ಒಂಚೂರೂ ನೋವಿಲ್ಲ.”

“ನೋವಿಲ್ಲ ಅಂತೀರಲ್ಲ, ಅದಕ್ಕೇ ಏಳಿ ಅಂತಿರೋದು.”

ನನ್ನ ದನಿ ಇಡೀ ಶೆಡ್ಡಿಗೆ ಕೇಳಿಸಿತು. ಯಂತ್ರಗಳು ಒಂದೊಂದಾಗಿ ನಿಂತವು. ಹೊರಗೆ ಆಡಿಟ್‌ನವರನ್ನು ಕರೆತಂದ ಕಾರು ನೆರಳಿನಲ್ಲಿ ನಿಂತಿತ್ತು. ಈರಣ್ಣ ಒಂದು ಕಡೆ, ನಾನು ಒಂದು ಕಡೆ ಹಿಡಿದು ಅದರಲ್ಲಿ ಕೂರಿಸಿದೆವು. ಡ್ರೈವರ್ ಇದು ಕಂಪನಿ ಬುಕಿಂಗ್ ಎಂದು ರಾಗ ತೆಗೆದ. ಈರಣ್ಣ ಅವನನ್ನು ನೋಡಿದ ನೋಟಕ್ಕೆ ಗಾಡಿ ತಾನಾಗಿಯೇ ಹೊರಟಿತು.

ತುಮಕೂರು ರಸ್ತೆ ಹಿಡಿದೆವು. ಜಾಲಹಳ್ಳಿ ಕ್ರಾಸಿನಲ್ಲಿ ಲಾರಿಗಳ ಸಾಲು ಅಲ್ಲಾಡಲೇ ಇಲ್ಲ. ಇವರು ಮೊದಲು ಡ್ರೈವರಿಗೆ ದಾರಿ ಹೇಳಿದರು. ಆಮೇಲೆ ಆಡಿಟ್‌ನವರಿಗೆ ಯಾವ ಟ್ರೇ ಮೊದಲು ತೋರಿಸಬೇಕೆಂದು ನನಗೆ ಹೇಳಿದರು. ಮಾತು ನಡೆಯುತ್ತಿದ್ದಷ್ಟು ಹೊತ್ತು ನನಗೆ ಧೈರ್ಯವಿತ್ತು. ಒಂದು ಮಾತಿನ ನಡುವೆ ಸುಮ್ಮನಾದರು. ಈರಣ್ಣ ಇಳಿದು ಹೋಗಿ ಲಾರಿಯವರ ಬಾಗಿಲು ಬಡಿದು ದಾರಿ ಬಿಡಿಸತೊಡಗಿದ. ನಾನು ಅವರ ಮಣಿಕಟ್ಟು ಹಿಡಿದು ಕೂತೆ. ನಾಡಿ ಬಡಿಯುತ್ತಿತ್ತು, ಸಣ್ಣಗೆ, ಒಂದೇ ಸಮ. ಅಷ್ಟು ಒಂದೇ ಸಮ ಬಡಿಯುತ್ತಿದ್ದುದಕ್ಕೇ ನನಗೆ ಅಳು ಬಂತು.

ಆಸ್ಪತ್ರೆ ತಲುಪುವಷ್ಟರಲ್ಲಿ ಹೃದಯಾಘಾತ ಆಗಿ ಬಹಳ ಹೊತ್ತಾಗಿತ್ತು, ಬಹುಶಃ ಹಿಂದಿನ ರಾತ್ರಿಯೇ. ಕಟ್ಟಿದ್ದ ನಾಳವನ್ನು ತೆರೆದು ಸ್ಟೆಂಟ್ ಹಾಕಿದರು. ಜೀವ ಉಳಿಯಿತು, ಆದರೆ ಹೃದಯದ ಒಂದು ಭಾಗ ಹೋಗಿತ್ತು. ಅವರ ಹೆಂಡತಿ ಚಿಕ್ಕಬಾಣಾವರದಿಂದ ಆಟೋದಲ್ಲಿ ಬಂದರು. ಇವರು ಬೆಳಿಗ್ಗೆ ತಿಂಡಿ ಬೇಡ ಅಂದಿದ್ದರಂತೆ. ಶೂ ಹಾಕಿಕೊಂಡು ಜಗಲಿಯ ಮೇಲೆ ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದರಂತೆ. ಲೇಟಾಗುತ್ತೆ ಹೊರಡಿ ಎಂದು ತಾನೇ ಎಬ್ಬಿಸಿ ಕಳಿಸಿದೆ ಎಂದು ಹೇಳಿ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗಾಜಿನ ಆಚೆ ಮಾನಿಟರು ಬೀಪ್ ಬೀಪ್ ಎನ್ನುತ್ತಿತ್ತು. ಎಲ್ಲಾದರೂ ಒಂದು ಬೀಪ್ ಮುಂದೆ ಹಿಂದೆ ಆಗಲಿ ಎಂದು ಕಿವಿಗೊಟ್ಟು ನಿಂತ ಕ್ವಾಲಿಟಿ ಇನ್‌ಸ್ಪೆಕ್ಟರ್ ನಾನೊಬ್ಬಳೇ ಇರಬೇಕು.

ಅವರು ಮತ್ತೆ ಕೆಲಸಕ್ಕೆ ಬರಲಿಲ್ಲ. ನಿವೃತ್ತಿಗೆ ಮುಂಚೆಯೇ ಬಿಟ್ಟರು. ಆಮೇಲೆ ನಾನು ಕಂಡದ್ದು ಬೇರೆಯೇ ಮನುಷ್ಯನನ್ನು. ಸಭೆಯಲ್ಲಿ ಯಾರೂ ಹೇಳದ ಉಳಿದರ್ಧ ಇದು.

ಆಸ್ಪತ್ರೆಯ ಡಾಕ್ಟರು ಅವರಿಗೆ ನಡೆಯಲು, ನಿಧಾನವಾಗಿ ಉಸಿರಾಡಲು, ಚೆನ್ನಾಗಿ ನಿದ್ದೆ ಮಾಡಲು ಹೇಳಿದ್ದರು. ಇವರು ಅದಕ್ಕೆ ತಮ್ಮದೇ ಒಂದು ಸಿದ್ಧಾಂತ ಸೇರಿಸಿಕೊಂಡರು. ಹೃದಯ ಸಡಿಲಾಗಬೇಕಾದರೆ ಮನುಷ್ಯ ಸಡಿಲಾಗಬೇಕು ಎಂದು. ಹಾಗೆಲ್ಲ ಏನಿಲ್ಲ, ಮಾತ್ರೆ ಮಾತ್ರ ಟೈಮಿಗೆ ತಗೊಳ್ಳಿ ಎಂದು ಡಾಕ್ಟರು ಬೈದರಂತೆ. ಮಾತ್ರೆ ಟೈಮಿಗೆ ತೆಗೆದುಕೊಂಡರು. ಮಿಕ್ಕಿದ್ದನ್ನೆಲ್ಲ ಗಾಳಿಗೆ ಬಿಟ್ಟರು. ಒಂದು ದಿನ ಹೋದ ದಾರಿಯಲ್ಲಿ ಇನ್ನೊಂದು ದಿನ ಹೋಗುತ್ತಿರಲಿಲ್ಲ. ಯಾವಾಗಲೋ ಕಾರ್ಖಾನೆಯ ಗೇಟಿಗೆ ಬಂದು ವಾಚ್‌ಮನ್ ಜೊತೆ ಹರಟೆ ಹೊಡೆದು, ಒಳಗೂ ಬಾರದೆ ಹೊರಟುಹೋಗುತ್ತಿದ್ದರು. ಚಿಕ್ಕಬಾಣಾವರ ಸ್ಟೇಷನ್ನಿನ ಬೆಂಚು ಅವರಿಗೆ ಬಲು ಪ್ರೀತಿಯ ಜಾಗವಾಯಿತು. ಅಲ್ಲಿಗೆ ಬರುವ ಯಾವ ರೈಲೂ ಟೈಮಿಗೆ ಬರಲ್ಲ ಕಣಮ್ಮ ಎಂದು ನನಗೆ ಫೋನಿನಲ್ಲಿ ಹೇಳಿ ಮಕ್ಕಳ ಹಾಗೆ ನಕ್ಕರು. ಅವರು ಹಾಗೆ ನಗಬಲ್ಲರೆಂದು ನನಗೆ ಗೊತ್ತೇ ಇರಲಿಲ್ಲ.

ಕೆಲವು ತಿಂಗಳಾದ ಮೇಲೆ ಅದೇ ಉಸಿರಿನ ಪರೀಕ್ಷೆ ಮತ್ತೆ ಮಾಡಿದಾಗ ನಾನೂ ಜೊತೆಗೆ ಹೋಗಿದ್ದೆ. ಕಾಗದದ ಮೇಲೆ ಅಂತರಗಳು ಒಂದಿಷ್ಟು ಅಲುಗಾಡಿದ್ದವು. ಬಹಳ ಅಲ್ಲ. ಡಾಕ್ಟರು ಪರವಾಗಿಲ್ಲ ಅಂದರು. ಆದರೆ ಹೋದ ಭಾಗ ಹೋಯಿತು, ಹೃದಯಕ್ಕೆ ಶಕ್ತಿ ಕಮ್ಮಿ, ಎಚ್ಚರ ಬೇಕೇ ಬೇಕು ಎಂದು ಮತ್ತೆ ಹೇಳಿದರು. ಇವರು ಜೇಬಿನ ಸ್ಕೇಲ್ ತೆಗೆದು ತಾವೇ ಅಳೆದು, ನನ್ನನ್ನು ನೋಡಿ, “ಪಾಸ್ ಮಾಡೋಣ್ವಾ?” ಎಂದು ಕೇಳಿದರು. ನಾನು ಮಾಡೋಣ ಸಾರ್ ಅಂದೆ. ಅಷ್ಟು ಸಂತೋಷವಾಗಿ ನಾನು ಯಾವುದನ್ನೂ ಪಾಸ್ ಮಾಡಿಲ್ಲ.

ಆದರೂ ಆ ವರ್ಷ ನನಗೆ ನೆಮ್ಮದಿ ಇರಲಿಲ್ಲ. ಟೈಮಿಗೆ ಬರುವ ಮನುಷ್ಯ ಒಂದು ದಿನ ತಡವಾದರೆ ಏನೋ ಆಗಿದೆ ಎಂದು ತಿಳಿಯುತ್ತದೆ. ಆಡಿಟ್ ದಿನ ಅವರನ್ನು ಉಳಿಸಿದ್ದು ಅದೇ ತಾನೆ. ಈಗ ಫೋನ್ ಎತ್ತದಿದ್ದರೆ, ಬರುತ್ತೇನೆಂದು ಬಾರದಿದ್ದರೆ, ಅದು ಅವರ ಹೊಸ ಸಡಿಲವೋ ಅಥವಾ ಎಲ್ಲೋ ಕುಸಿದಿದ್ದಾರೋ, ಹೇಗೆ ಗೊತ್ತಾಗಬೇಕು? ಅದನ್ನೊಮ್ಮೆ ಅವರಿಗೇ ಹೇಳಿದೆ. ಅವರು, ಅದು ನಿಜ ಕಣಮ್ಮ, ಆದರೆ ಈಗ ಮತ್ತೆ ಮೆಷಿನ್ ಆಗು ಅನ್ನಬೇಡ ಅಂದರು.

ನಾನು ಹೆದರಿದ ಹಾಗೆಯೇ ಆಯಿತು. ಒಂದು ಬೆಳಿಗ್ಗೆ ವಾಕಿಂಗ್ ಹೋದವರು ಸ್ಟೇಷನ್ನಿನ ಬೆಂಚಿನ ಮೇಲೆ ಕೂತರು. ಟೀ ಮಾರುವವನು ತೂಕಡಿಸುತ್ತಿದ್ದಾರೆಂದುಕೊಂಡು ಎಬ್ಬಿಸಲಿಲ್ಲ. ರೈಲುಗಳು ಬಂದವು, ಹೋದವು. ಮನೆಯಲ್ಲಿ ಹೆಂಡತಿ, ಇವತ್ತೆಲ್ಲಿ ಅಲೆಯುತ್ತಿದ್ದಾರೋ ಎಂದು ನಗುತ್ತಲೇ ಚಪಾತಿ ಮುಚ್ಚಿಟ್ಟಿದ್ದರು. ಯಾರಿಗೂ ಗಾಬರಿಯಾಗಲಿಲ್ಲ.

ಶ್ರದ್ಧಾಂಜಲಿ ಸಭೆ ಮುಗಿಸಿ ನಾನು ನೇರ ಅವರ ಮನೆಗೆ ಹೋದೆ. ಅವರ ಹೆಂಡತಿ ಜಗಲಿಯ ಮೇಲೆ ಕೂತಿದ್ದರು. ಸಭೆಯಲ್ಲಿ ಏನು ಹೇಳಿದರು ಎಂದು ಕೇಳಿದರು. ಶಿಸ್ತಿನ ಮನುಷ್ಯ ಅಂದರು ಎಂದೆ. ಆಕೆ ತಲೆಯಾಡಿಸಿದರು. ನನ್ನೊಳಗೆ ಕೊರೆಯುತ್ತಿದ್ದುದನ್ನು ತಡೆಯಲಾಗದೆ, ಅವರು ಮೊದಲಿನ ಹಾಗೇ ಟೈಮಿಗೆ ಬರುವವರಾಗಿದ್ದರೆ ಆ ದಿನ ನಮಗೆ ಬೇಗ ಗೊತ್ತಾಗುತ್ತಿತ್ತಲ್ಲವೇ ಅಂದೆ.

ಆಕೆ ಪಕ್ಕಕ್ಕೆ ಸರಿದು ಜಗಲಿಯಲ್ಲಿ ನನಗೂ ಜಾಗ ಮಾಡಿದರು. ಆಮೇಲೆ ಹೇಳಿದರು: “ಗೊತ್ತಾಗ್ತಿತ್ತು ಕಣವ್ವ. ಆದ್ರೆ ಮೂವತ್ತು ವರ್ಸ ಬೈಕ್ ಸದ್ದಿಗೆ ಸರಿಯಾಗಿ ತಟ್ಟೆ ಇಟ್ಟೆ, ಒಂದಿನಾನೂ ಅವ್ರಿಗೋಸ್ಕರ ಕಾಯ್ಲಿಲ್ಲ. ಈ ಒಂದು ವರ್ಸ ತಡವಾಗಿ ಬಂದ್ರು ನೋಡು, ಆಗ ಕಾಯೋದು ಕಲ್ತೆ. ದಾರಿ ನೋಡ್ಕೊಂಡು ಇಂಗೇ ಕೂತಿರ್ತಿದ್ದೆ, ಒಸಾ ಸೊಸೆ ಅಂಗೆ. ಈಗ ಅದು ಬಿಡ್ತಾನೇ ಇಲ್ಲ.”

ರಸ್ತೆಯ ತಿರುವಿನಲ್ಲಿ ಯಾವುದೋ ಬೈಕ್ ಗೇರು ಇಳಿಸಿದ ಸದ್ದಾಯಿತು. ಇಬ್ಬರೂ ತಲೆಯೆತ್ತಿ ನೋಡಿದೆವು.